ಕಾಡು ಉಳಿಸಿದವನಿಗೆ ಕಂದಾಯ ಬಿಟ್ಟರೆ ಸಾಕಾ?

ನಮ್ಮ ತೋಟದ ಕೆಳಗೆ, ಹಳ್ಳದ ಪಕ್ಕ, ಒಂದು ಎಕರೆ ಮೂವತ್ತು ಗುಂಟೆ ಕಾಡಿದೆ. ಮೂಡಿಗೆರೆ ಕಡೆಯ ಎಂಟು ಎಕರೆ ತೋಟ ನಮ್ಮದು, ಇದೂ ಅದರೊಳಗೇ ಸೇರಿದ್ದು. ಅಜ್ಜ ಅಲ್ಲಿಗೆ ಕತ್ತಿ ಹಾಕಲಿಲ್ಲ, ಅಪ್ಪನೂ ಹಾಕಲಿಲ್ಲ. ಪರಿಸರ ಕಾಳಜಿ ಅಂತೆಲ್ಲ ದೊಡ್ಡ ಮಾತು ಬೇಡ. ಅಲ್ಲಿ ಚೌಡಿ ಕಲ್ಲಿದೆ, ಇಳಿಜಾರು ಜಾಸ್ತಿ, ಮಳೆಗಾಲದಲ್ಲಿ ಆಳುಗಳನ್ನು ಇಳಿಸುವುದಕ್ಕೇ ಆಗುವುದಿಲ್ಲ. ಹಾಗಾಗಿ ನಂದಿ, ಹೊನ್ನೆ, ಎರಡು ಗೋಣಿ ಮರ, ಬೈನೆ, ಬುಡದಲ್ಲಿ ಬೆತ್ತ, ಎಲ್ಲ ತಮ್ಮ ಪಾಡಿಗೆ ಬೆಳೆದುಕೊಂಡಿವೆ. ಏಪ್ರಿಲ್‌ನಲ್ಲೂ ಆ ಹಳ್ಳ ಒಣಗುವುದಿಲ್ಲ, ಕೆಳಗಿನ ಮೂರು ಮನೆಯವರ ಗದ್ದೆಗೆ ಅದೇ ನೀರು.

ಈ ಜಾಗ ಪಹಣಿಯಲ್ಲಿ ಏನಂತ ದಾಖಲಾಗಿದೆ ಗೊತ್ತಾ? ಖರಾಬು.

ಪಹಣಿ ನೋಡಿದವರಿಗೆ ಈ ಕಾಲಂ ಗೊತ್ತಿರುತ್ತದೆ. ಮೊದಲು ಒಟ್ಟು ವಿಸ್ತೀರ್ಣ, ಅದರ ಕೆಳಗೆ 'ಅ' ಖರಾಬು, 'ಬ' ಖರಾಬು, ಅವನ್ನು ಕಳೆದು ಉಳಿದದ್ದು. ಆ ಉಳಿದದ್ದಕ್ಕೆ ಮಾತ್ರ ಕಂದಾಯದ ಲೆಕ್ಕ. ಹಳ್ಳ, ದಾರಿ, ಕೆರೆ ಇಂಥ ಸಾರ್ವಜನಿಕ ಜಾಗ 'ಬ'ಗೆ ಹೋಗುತ್ತದೆ. ಬಂಡೆ, ಕೊರಕಲು, ಸಾಗುವಳಿಗೆ ಬಾರದ ಇಳಿಜಾರು 'ಅ'ಗೆ ಹೋಗುತ್ತದೆ, ಅದು ಹಿಡುವಳಿದಾರನದ್ದೇ. ಅಂದರೆ ಅಂದು ಸರಪಳಿ ಹಿಡಿದು ಬಂದ ಸರ್ವೆಯವರು ಆ ಕಾಡು ನೋಡಿ, "ಇದರಿಂದ ಏನೂ ಹುಟ್ಟಲ್ಲ, ಕಂದಾಯ ಬೇಡ" ಅಂತ ಬರೆದುಕೊಂಡು ಹೋಗಿದ್ದಾರೆ. ಒಂದು ಲೆಕ್ಕದಲ್ಲಿ ನಮ್ಮ ಕಾಡಿಗೆ ಆಗಲೇ ತೆರಿಗೆ ವಿನಾಯಿತಿ ಸಿಕ್ಕಿದೆ. ಕೆಟ್ಟ ಜಾಗ ಅನ್ನುವ ಹೆಸರಿನಲ್ಲಿ ಸಿಕ್ಕಿದೆ, ಅಷ್ಟೇ.

ಇದನ್ನೆಲ್ಲ ಯೋಚಿಸುವುದಕ್ಕೆ ಕಾರಣ ಅಕ್ಕನ ಮಗಳ ಫೋನು. ಅವಳು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿದ್ದಾಳೆ, ನಗರದಲ್ಲಲ್ಲ, ಹಳ್ಳಿ ಕಡೆ. ಅವಳ ಪಕ್ಕದ ಮನೆಯವರು ತಮ್ಮ ಜಮೀನಿನಲ್ಲಿ ಎಂದೂ ಮನೆ, ಲೇಔಟ್ ಮಾಡುವುದಿಲ್ಲ ಅಂತ ಬರೆದುಕೊಟ್ಟಿದ್ದಾರಂತೆ, ಅದಕ್ಕೆ ವರ್ಷ ವರ್ಷ ತೆರಿಗೆಯಲ್ಲಿ ದುಡ್ಡು ವಾಪಸ್ ಬರುತ್ತದಂತೆ.

"ಮಾವ, ನಿಮ್ಮ ಹಳ್ಳದ ಕಾಡಿಗೆ ಅಲ್ಲಿ ಟ್ಯಾಕ್ಸ್ ಎಷ್ಟು ಬಿಡ್ತಾರೆ?"

"ಬಿಡೋಕೆ ಟ್ಯಾಕ್ಸ್ ಎಲ್ಲಿದೆ ಮಗ?"

ನಕ್ಕಳು. ನಾನೂ ನಕ್ಕೆ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಈಗ ನಮ್ಮ ಕಡೆ ಪರಿಸರ ಸೂಕ್ಷ್ಮ ಪ್ರದೇಶ, ಹೋಂಸ್ಟೇ, ಗುಡ್ಡ ಕುಸಿತ, ಆನೆ ಅಂತ ಮಾತು ಎದ್ದಾಗಲೆಲ್ಲ ಯಾರಾದರೂ ಒಬ್ಬರು "ಕಾಡು ಉಳಿಸಿದ ರೈತನಿಗೆ ತೆರಿಗೆ ರಿಯಾಯಿತಿ ಕೊಡಿ" ಅಂತ ಹೇಳಿಯೇ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಯಾವ ತೆರಿಗೆಯಲ್ಲಿ, ಯಾರು ಕೊಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಮೊದಲು ಅಲ್ಲಿಯದ್ದು ನೋಡೋಣ. ಅಮೆರಿಕದಲ್ಲಿ ಆಸ್ತಿ ತೆರಿಗೆ ಸಣ್ಣ ವಿಷಯ ಅಲ್ಲ. ಊರಿನ ಶಾಲೆ, ರಸ್ತೆ, ಅಗ್ನಿಶಾಮಕ ದಳ ಇವಕ್ಕೆಲ್ಲ ದುಡ್ಡಿನ ದೊಡ್ಡ ಪಾಲು ಅದರಿಂದಲೇ ಬರುತ್ತದೆ. ರಾಜ್ಯದಿಂದ ರಾಜ್ಯಕ್ಕೆ ತುಂಬಾ ವ್ಯತ್ಯಾಸ ಇದ್ದರೂ, ಸರಾಸರಿಯಲ್ಲಿ ಆಸ್ತಿಯ ಮಾರುಕಟ್ಟೆ ಬೆಲೆಯ ಶೇ 1ರ ಆಸುಪಾಸು ಪ್ರತಿ ವರ್ಷ ಕಟ್ಟಬೇಕು. ಇದನ್ನೇ ಇಲ್ಲಿಗೆ ಹಾಕಿ ನೋಡಿ. ಎಕರೆಗೆ 20 ಲಕ್ಷ ಬೆಲೆ ಅಂತ ಇಟ್ಟುಕೊಂಡರೆ, ಎಕರೆಗೆ ವರ್ಷಕ್ಕೆ 20,000 ರೂಪಾಯಿ, ಹತ್ತು ಎಕರೆಗೆ 2 ಲಕ್ಷ. ಬೆಳೆ ಬರಲಿ ಬಿಡಲಿ. ಊರು ಬೆಳೆದು ಪಕ್ಕದಲ್ಲಿ ಲೇಔಟ್ ಬಂತು ಅಂದರೆ ನಿಮ್ಮ ಜಮೀನಿನ ಬೆಲೆಯೂ ಏರುತ್ತದೆ, ತೆರಿಗೆಯೂ ಏರುತ್ತದೆ. ಹುಲ್ಲು ಬೆಳೆಯುವವನು ಸೈಟಿನ ಲೆಕ್ಕದ ತೆರಿಗೆ ಎಲ್ಲಿಂದ ಕಟ್ಟುತ್ತಾನೆ? ಮಾರುತ್ತಾನೆ. ತೆರಿಗೆಯೇ ಜಮೀನನ್ನು ಲೇಔಟ್‌ನವನ ಕೈಗೆ ತಳ್ಳುತ್ತದೆ.

ಇದನ್ನು ತಡೆಯಲು 1956ರಲ್ಲಿ ಮೇರಿಲ್ಯಾಂಡ್ ರಾಜ್ಯ ಮೊದಲ ಬಾರಿಗೆ ಒಂದು ಕಾನೂನು ತಂದಿತು. ಜಮೀನನ್ನು ಸೈಟಾಗಿ ಮಾರಿದರೆ ಎಷ್ಟು ಅಂತ ನೋಡುವುದು ಬೇಡ, ಈಗ ಸಾಗುವಳಿ ಮಾಡುತ್ತಿರುವುದರಿಂದ ಎಷ್ಟು ಬೆಲೆ ಬಾಳುತ್ತದೆ ಅಂತ ನೋಡಿ ತೆರಿಗೆ ಹಾಕಿ ಅಂತ. ಆಮೇಲೆ ಬೇರೆ ರಾಜ್ಯಗಳೂ ಹಿಂದೆ ಬಂದವು. ಅದರ ಮೇಲೆ ಇನ್ನೊಂದು ವ್ಯವಸ್ಥೆ ಬೆಳೆಯಿತು. ಅದಕ್ಕೆ ಅಲ್ಲಿ ಕನ್ಸರ್ವೇಶನ್ ಈಸ್‌ಮೆಂಟ್ ಅನ್ನುತ್ತಾರೆ. ಜಮೀನು ನಿಮ್ಮದೇ, ಮಾರಬಹುದು, ಮಕ್ಕಳಿಗೆ ಕೊಡಬಹುದು. ಅದರಲ್ಲಿ ಕಟ್ಟಡ ಕಟ್ಟುವ, ಸೈಟು ಮಾಡುವ ಹಕ್ಕನ್ನು ಮಾತ್ರ ಒಂದು ಟ್ರಸ್ಟಿಗೋ ಸರ್ಕಾರಕ್ಕೋ ಶಾಶ್ವತವಾಗಿ ಬರೆದುಕೊಡುತ್ತೀರಿ. ನಾಳೆ ಯಾರು ಕೊಂಡರೂ ಆ ಕರಾರು ಜಮೀನಿನ ಜೊತೆಗೇ ಹೋಗುತ್ತದೆ.

ಹೀಗೆ ಬರೆದುಕೊಟ್ಟವರಿಗೆ ವಾಪಸ್ ಬರುವ ದುಡ್ಡಿಗೆ ಟ್ಯಾಕ್ಸ್ ಕ್ರೆಡಿಟ್ ಅನ್ನುತ್ತಾರೆ, ಆ ಮಾತನ್ನು ಸ್ವಲ್ಪ ಬಿಡಿಸಬೇಕು. ನಮ್ಮ ಪುರಸಭೆಗಳಲ್ಲಿ ಏಪ್ರಿಲ್‌ನಲ್ಲಿ ತೆರಿಗೆ ಕಟ್ಟಿದರೆ ಶೇ 5 ಬಿಡುತ್ತಾರಲ್ಲ, ಹಾಗೆ ಬಿಲ್ಲಿನ ಮೊತ್ತದಲ್ಲೇ ನೇರ ಕಡಿತ. ನ್ಯೂಯಾರ್ಕ್‌ನಲ್ಲಿ ಈಸ್‌ಮೆಂಟ್ ದಾನ ಕೊಟ್ಟ ಜಮೀನಿಗೆ ಕಟ್ಟಿದ ಆಸ್ತಿ ತೆರಿಗೆಯ ಶೇ 25ರಷ್ಟು ವಾಪಸ್, ವರ್ಷಕ್ಕೆ ಗರಿಷ್ಠ 5,000 ಡಾಲರ್. ಆದರೆ ಅವರು ಮಾಡಿರುವ ಜಾಣತನ ಬೇರೆಯೇ ಇದೆ. ಮಾಲೀಕ ಊರಿನ ತೆರಿಗೆಯನ್ನು ಪೂರ್ತಿ ಕಟ್ಟುತ್ತಾನೆ. ವಾಪಸ್ ಬರುವುದು ರಾಜ್ಯದ ಆದಾಯ ತೆರಿಗೆ ಲೆಕ್ಕದಲ್ಲಿ. ಊರಿನ ಶಾಲೆಗೆ ಒಂದು ಪೈಸೆ ಕಮ್ಮಿಯಾಗುವುದಿಲ್ಲ. ಇಡೀ ರಾಜ್ಯಕ್ಕೆ ನೀರು, ಗಾಳಿ ಸಿಗುತ್ತದೆ ಅಂದಮೇಲೆ ಖರ್ಚನ್ನೂ ಇಡೀ ರಾಜ್ಯವೇ ಹೊರಲಿ ಅನ್ನುವ ಲೆಕ್ಕ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಕ್ಯಾಲಿಫೋರ್ನಿಯಾ ಇದೆ. ಅಲ್ಲಿ 1965ರಲ್ಲಿ ವಿಲಿಯಮ್ಸನ್ ಕಾಯ್ದೆ ಬಂತು. ರೈತ ಕೌಂಟಿಯ ಜೊತೆ, ಅಂದರೆ ಅಲ್ಲಿಯ ಜಿಲ್ಲಾ ಆಡಳಿತದ ಜೊತೆ, ಹತ್ತು ವರ್ಷದ ಕರಾರು ಮಾಡಿಕೊಳ್ಳುತ್ತಾನೆ. ಪ್ರತಿ ವರ್ಷ ಅದು ತಾನಾಗಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆ, ಹೊರಬರಬೇಕು ಅಂದರೆ ನೋಟಿಸ್ ಕೊಟ್ಟು ಉಳಿದ ವರ್ಷ ಕಾಯಬೇಕು. ಅಷ್ಟು ದಿನ ತೆರಿಗೆ ಕಡಿಮೆ. ಇದರಿಂದ ಕೌಂಟಿಗೆ ಆಗುವ ನಷ್ಟದಲ್ಲಿ ಒಂದು ಪಾಲನ್ನು ರಾಜ್ಯ ತುಂಬಿಕೊಡುತ್ತಿತ್ತು. 2009ರಲ್ಲಿ ರಾಜ್ಯದ ಖಜಾನೆ ಬರಿದಾಯಿತು, ಆ ದುಡ್ಡು ಹೆಚ್ಚುಕಡಿಮೆ ನಿಂತೇ ಹೋಯಿತು. ಇಂಪೀರಿಯಲ್ ಕೌಂಟಿ ಯೋಜನೆಯಿಂದಲೇ ಹೊರಬಂತು. ರೈತರಿಗೆ ಬಿಟ್ಟ ತೆರಿಗೆ ತಮ್ಮ ಬಜೆಟ್ಟಿನಿಂದಲೇ ಹೋಗುತ್ತದೆ ಅಂದಾಗ ಯಾವ ಸ್ಥಳೀಯ ಸಂಸ್ಥೆಯೂ ಬಹಳ ದಿನ ಉದಾರವಾಗಿರುವುದಿಲ್ಲ.

ಕಳ್ಳದಾರಿಯೂ ಇದೆ, ಅದನ್ನು ಹೇಳದೆ ಬರೀ ಹೊಗಳಿದರೆ ತಪ್ಪಾಗುತ್ತದೆ. ಈಸ್‌ಮೆಂಟ್ ದಾನ ಕೊಟ್ಟವರಿಗೆ ಕೇಂದ್ರದ ಆದಾಯ ತೆರಿಗೆಯಲ್ಲೂ ದೊಡ್ಡ ಕಡಿತ ಸಿಗುತ್ತದೆ. ಇದನ್ನು ಹಿಡಿದುಕೊಂಡು ಕೆಲವರು ಪಾಲುದಾರಿಕೆ ಸಂಸ್ಥೆ ಮಾಡಿ, ಅಗ್ಗದ ಜಮೀನು ಕೊಂಡು, ಅದಕ್ಕೆ ಹತ್ತಾರು ಪಟ್ಟು ಬೆಲೆ ಕಟ್ಟಿಸಿ, ದಾನ ಅಂತ ತೋರಿಸಿ, ತೆರಿಗೆ ಕಡಿತವನ್ನು ಹೂಡಿಕೆದಾರರಿಗೆ ಮಾರಿದರು. ಕೊನೆಗೆ 2022ರ ಡಿಸೆಂಬರ್‌ನಲ್ಲಿ ಕಾನೂನೇ ತಂದರು. ಹೂಡಿದ ದುಡ್ಡಿನ ಎರಡೂವರೆ ಪಟ್ಟಿಗಿಂತ ಜಾಸ್ತಿ ಕಡಿತ ತೋರಿಸಿದರೆ ಇಂಥ ಪಾಲುದಾರಿಕೆಗಳಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಬೆಲೆ ಕಟ್ಟುವವನ ಕೈಯಲ್ಲಿ ಪೆನ್ನು ಕೊಟ್ಟು ಸುಮ್ನೆ ಕೂತರೆ ಏನಾಗುತ್ತದೆ ಅಂತ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ಈಗ ಇಲ್ಲಿಗೆ ಬನ್ನಿ.

ನಮ್ಮ ಎಂಟು ಎಕರೆಯ ವರ್ಷದ ಕಂದಾಯ, ಸೆಸ್ಸು ಎಲ್ಲ ಸೇರಿ, ಮೂಡಿಗೆರೆಯಲ್ಲಿ ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿದರೆ ಆಗುವ ಬಿಲ್ಲಿಗಿಂತ ಕಡಿಮೆ. ಅದರಲ್ಲೂ ಕಾಡಿನ ಭಾಗ ಖರಾಬು, ಅದಕ್ಕೆ ಸೊನ್ನೆ. ಇನ್ನು ಗ್ರಾಮ ಪಂಚಾಯ್ತಿ. 1993ರ ಪಂಚಾಯತ್ ರಾಜ್ ಕಾಯ್ದೆಯ 199ನೇ ಸೆಕ್ಷನ್ ಪ್ರಕಾರ ಪಂಚಾಯ್ತಿ ತೆರಿಗೆ ಹಾಕಬಹುದಾದದ್ದು ಕಟ್ಟಡಗಳಿಗೆ, ಮತ್ತೆ ಕೃಷಿ ಕಂದಾಯಕ್ಕೆ ಒಳಪಡದ ಜಾಗಗಳಿಗೆ. ಅಂದರೆ ನನ್ನ ಮನೆಗೆ, ಆಳುಗಳ ಲೈನು ಮನೆಗೆ ತೆರಿಗೆ ಇದೆ, ತೋಟಕ್ಕೆ ಇಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯೂ ಇಲ್ಲ. ಕಾಫಿಯನ್ನು ನಾವೇ ಕ್ಯೂರಿಂಗ್, ಅಂದರೆ ಸಿಪ್ಪೆ ತೆಗೆಸಿ ಬೀಜ ಹದ, ಮಾಡಿಸಿ ಮಾರಿದರೆ ಮಾತ್ರ ಲಾಭದ ಶೇ 25 ಭಾಗ ವ್ಯಾಪಾರದ ಆದಾಯ ಅಂತ ಲೆಕ್ಕ, ಹುರಿದು ಪುಡಿ ಮಾಡಿ ಮಾರಿದರೆ ಶೇ 40. ನಮ್ಮಂಥ ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ಪಾರ್ಚ್‌ಮೆಂಟೋ ಚೆರಿಯೋ, ಕ್ಯೂರಿಂಗ್ ಮಾಡಿಸದೆ ಒಣಗಿಸಿ ಹಾಗೇ ಕೊಟ್ಟು ಬರುವವರು.

ಹಾಗಾಗಿ ಕಂದಾಯದಲ್ಲಿ ಶೇ 25 ಬಿಟ್ಟರೂ, ಶೇ 100 ಬಿಟ್ಟರೂ ನನಗೆ ಉಳಿಯುವುದು ಒಂದು ದೋಸೆ. ಅದಕ್ಕಾಗಿ ಯಾರೂ ಮರ ಉಳಿಸುವುದಿಲ್ಲ, ಅದಿಲ್ಲ ಅಂತ ಯಾರೂ ಕಡಿಯುವುದೂ ಇಲ್ಲ. ತೆರಿಗೆ ರಿಯಾಯಿತಿ ಕೊಡಿ ಅಂತ ಭಾಷಣ ಮಾಡುವವರು ಇದನ್ನು ಒಂದು ಸಲ ಕೂಡಿಸಿ ಕಳೆದು ನೋಡಬೇಕು.

ಹಾಗಾದರೆ ಕಾಡು ಉಳಿಸಿದವನಿಗೆ ನಿಜವಾಗಿ ಪೆಟ್ಟು ಬೀಳುವುದು ಎಲ್ಲಿ? ತೆರಿಗೆಯಲ್ಲಿ ಅಲ್ಲವೇ ಅಲ್ಲ. ಬಿಟ್ಟುಕೊಟ್ಟ ಆದಾಯದಲ್ಲಿ. ಈಚೆಗೆ ಕಾಫಿ ಬೆಲೆ ನಮ್ಮ ಅಪ್ಪಂದಿರ ಕಾಲದಲ್ಲಿ ಯಾರೂ ಕಾಣದಷ್ಟು ಮೇಲೆ ಹೋದಾಗ ಪಕ್ಕದ ತೋಟದ ಅಣ್ಣ ಹಳ್ಳದವರೆಗೂ ಇಳಿದು ಬಂದು ನೋಡಿ ಹೇಳಿದ್ದು, "ಇಷ್ಟು ಜಾಗ ಖಾಲಿ ಇಟ್ಕೊಂಡು ಏನ್ ಮಾಡ್ತೀಯ ಮಾರಾಯ, ರೋಬಸ್ಟಾ ಇಟ್ರೆ ಮಗಳ ಮದುವೆ ಖರ್ಚು ಕಳೀತದೆ." ಖಾಲಿ ಅಂದರು. ಅಷ್ಟು ಮರ ನಿಂತಿರುವ ಜಾಗವನ್ನು! ಪಹಣಿಯೂ ಖಾಲಿ ಅನ್ನುತ್ತದೆ, ಅಣ್ಣನೂ ಖಾಲಿ ಅನ್ನುತ್ತಾರೆ. ತಪ್ಪು ಅವರದ್ದಲ್ಲ.

ಕಾನೂನುಗಳೂ ಹಾಗೇ ಇವೆ. 1961ರ ಭೂ ಸುಧಾರಣಾ ಕಾಯ್ದೆಯಲ್ಲಿ ಸಾಗುವಳಿ ಮಾಡದೆ ಬಿಟ್ಟ ಜಮೀನಿನ ಬಗ್ಗೆ ಒಂದು ಅಧ್ಯಾಯವೇ ಇದೆ. ಎರಡು ವರ್ಷ ಪಾಳು ಬಿಟ್ಟರೆ ಸಾಗುವಳಿ ಮಾಡು ಅಂತ ನೋಟಿಸ್ ಕೊಡಬಹುದು. ಯಾರಿಗೂ ಕೊಟ್ಟಿದ್ದು ನಾನು ನೋಡಿಲ್ಲ, ಆದರೆ ಕಾನೂನಿನ ಮನಸ್ಸು ಏನು ಅಂತ ಅದರಲ್ಲಿ ತಿಳಿಯುತ್ತದೆ. ಅದೇ ಕಾಯ್ದೆಯಲ್ಲಿ ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಟೀ ತೋಟಗಳಿಗೆ ಭೂ ಮಿತಿಯಿಂದ ವಿನಾಯಿತಿ ಇದೆ. ತೋಟ ಅನ್ನುವ ಕಾರಣಕ್ಕೆ ಆ ವಿನಾಯಿತಿ. ದೊಡ್ಡ ಎಸ್ಟೇಟಿನವನು ನೂರು ಎಕರೆ ಕಾಫಿ ಕಿತ್ತು ಕಾಡು ಬೆಳೆಯಲಿ ಅಂತ ಬಿಟ್ಟರೆ, ಅದು ತೋಟವೋ ಅಲ್ಲವೋ ಅನ್ನುವ ಪ್ರಶ್ನೆ ಏಳುತ್ತದೆ. ಅವನ ವಕೀಲ ಬಿಡು ಅನ್ನುವುದಿಲ್ಲ.

ಮರದ ವಿಷಯ ಇನ್ನೂ ವಿಚಿತ್ರ. 1976ರ ಮರ ಸಂರಕ್ಷಣಾ ಕಾಯ್ದೆಯಂತೆ ನನ್ನ ಜಾಗದ ಹೊನ್ನೆ, ನಂದಿ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್‌ಗೆ ಬೇಡ. ಒಳ್ಳೆಯ ಉದ್ದೇಶಕ್ಕೇ ಮಾಡಿದ ಕಾಯ್ದೆ. ಆದರೆ ತೋಟದವನ ತಲೆ ಹೇಗೆ ಓಡುತ್ತದೆ ನೋಡಿ. ಮುಂದೆ ಕಷ್ಟಕಾಲಕ್ಕೆ ಕಡಿದು ಮಾರಬಹುದಾದ ಮರ ಬೇಕು, ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿರುವ ಮರ ಬೇಕು, ಮರಗಸಿಗೆ, ಅಂದರೆ ನೆರಳಿನ ಕೊಂಬೆ ಸವರುವುದಕ್ಕೆ, ಸುಲಭ ಆಗಬೇಕು. ಮೂರಕ್ಕೂ ಉತ್ತರ ಸಿಲ್ವರ್ ಓಕ್. ಕಾಡುಮರದ ಸಸಿ ಹುಟ್ಟಿದರೆ ಕಳೆ ಹೊಡೆಯುವಾಗಲೇ ಹೋಯಿತು, ದೊಡ್ಡದಾದರೆ ಅದು ಸರ್ಕಾರದ ಕಾಗದಕ್ಕೆ ಸಿಕ್ಕಿಕೊಳ್ಳುತ್ತದಲ್ಲ! ರಕ್ಷಣೆ ಕೊಟ್ಟ ಮರವೇ ಹುಟ್ಟದ ಹಾಗೆ ಆಯಿತು. ಚಿಕ್ಕಮಗಳೂರಿನಿಂದ ಆಲ್ದೂರು ದಾರಿಯಲ್ಲಿ ಹೋಗುವಾಗ ಎರಡೂ ಕಡೆ ನೋಡಿ, ಕಂಬ ನೆಟ್ಟ ಹಾಗೆ ಬೆಳ್ಳಗೆ ನಿಂತಿರುತ್ತವೆ.

ನನಗೆ ಎಲ್ಲಕ್ಕಿಂತ ಉರಿಯುವುದು ಇನ್ನೊಂದು. 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ, ಮೆಣಸು, ಏಲಕ್ಕಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡುವ ದಾರಿ ಮಾಡಿದರು. ಅದರಲ್ಲಿ ಪಾಪದವರೂ ಇದ್ದಾರೆ, ತಲೆಮಾರಿನಿಂದ ಅದೇ ಅರ್ಧ ಎಕರೆಯಲ್ಲಿ ಬದುಕಿದವರಿದ್ದಾರೆ, ಅವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಲೆಕ್ಕ ನೋಡಿ. ಕಾಡು ಸವರಿ ತೋಟ ಮಾಡಿದವನಿಗೆ ಸರ್ಕಾರ ಕೊಡುವುದು 30 ವರ್ಷದ ಕಾಗದ. ಸ್ವಂತ ಜಾಗದಲ್ಲಿ ಕಾಡು ಬಿಟ್ಟವನಿಗೆ ಸಿಗುವುದು ಖರಾಬು ಅನ್ನುವ ಕಾಲಂ.

ಇದರ ನಡುವೆ ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ಕಸ್ತೂರಿರಂಗನ್ ವರದಿಯ ಗಲಾಟೆ. ಕೇಂದ್ರ 2024ರ ಜುಲೈ 31ರಂದು ಆರನೇ ಸಲ ಕರಡು ಅಧಿಸೂಚನೆ ಹೊರಡಿಸಿತು. ಪರಿಸರ ಸೂಕ್ಷ್ಮ ಪ್ರದೇಶ ಅಂತ ಗುರುತಿಸಿದ್ದು ಆರು ರಾಜ್ಯಗಳಲ್ಲಿ 56,825 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ್ದೇ 20,668. ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಯ ಮಲೆನಾಡಿನ ಊರುಗಳು ಅದರಲ್ಲಿವೆ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದನ್ನು ಒಪ್ಪುವುದಿಲ್ಲ ಅಂತ ತೀರ್ಮಾನಿಸಿತು. ಇಲ್ಲಿ ಜನ ವಿರೋಧಿಸಿದ್ದಕ್ಕೆ ಒಂದಷ್ಟು ಸುಳ್ಳು ಸುದ್ದಿಯೂ ಕಾರಣ, ಹಟ್ಟಿ ಕಟ್ಟಲೂ ಬಿಡಲ್ಲ ಅಂತೆಲ್ಲ ಹಬ್ಬಿಸಿದ್ದರು. ಆದರೆ ಅಸಲು ಕಾರಣ ಇದು. ಆ ಕರಡಿನಲ್ಲಿ ಗಣಿ ಬೇಡ, ಕ್ವಾರಿ ಬೇಡ, ದೊಡ್ಡ ಕಟ್ಟಡ ಬೇಡ ಅಂತ ಬೇಡಗಳೇ ಇದ್ದವು. ಇದೇ ಘಟ್ಟದ ಬಗ್ಗೆ ಮೊದಲು ಬಂದಿದ್ದ 2011ರ ಗಾಡ್ಗೀಳ್ ಸಮಿತಿ ವರದಿಯಲ್ಲಿ, ಉಳಿಸಿದವರಿಗೆ ದುಡ್ಡು ಕೊಡುವ ಮಾತಾದರೂ ಇತ್ತು. ಕೈಗೆ ಬರುವಷ್ಟರಲ್ಲಿ ಬರೀ ಕೋಲು ಉಳಿಯಿತು, ಬೆಲ್ಲ ಯಾರೋ ತಿಂದರು.

ದುಡ್ಡು ಎಲ್ಲಿದೆ ಅನ್ನುವುದು ಮುಂದಿನ ಪ್ರಶ್ನೆ. ಇದೆ, ಮೇಲೆ ಇದೆ.

ಕೇಂದ್ರ ತನ್ನ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲು ಹಂಚುವಾಗ ಹಣಕಾಸು ಆಯೋಗ ಒಂದು ಸೂತ್ರ ಮಾಡುತ್ತದೆ. 14ನೇ ಆಯೋಗ ಅದರಲ್ಲಿ ಕಾಡಿಗೆ ಶೇ 7.5 ತೂಕ ಕೊಟ್ಟಿತು, 15ನೇ ಆಯೋಗ ಶೇ 10 ಮಾಡಿತು. ಯಾವ ರಾಜ್ಯದಲ್ಲಿ ಕಾಡು ಜಾಸ್ತಿ ಇದೆಯೋ ಅದಕ್ಕೆ ಆ ಬಾಬ್ತಿನಲ್ಲಿ ಜಾಸ್ತಿ ದುಡ್ಡು. ಆ ಕಾಡನ್ನು ಅಳೆಯುವುದು ಭಾರತೀಯ ಅರಣ್ಯ ಸರ್ವೇಕ್ಷಣೆ, ಉಪಗ್ರಹದ ಚಿತ್ರದಿಂದ. ಅವರ ಲೆಕ್ಕದಲ್ಲಿ ಕಾಡಿನ ಹೊದಿಕೆ ಅಂದರೆ ಒಂದು ಹೆಕ್ಟೇರ್‌ಗಿಂತ ಕಡಿಮೆಯಿಲ್ಲದ, ಮರದ ನೆರಳು ಶೇ 10ಕ್ಕೆ ಕಡಿಮೆಯಿಲ್ಲದ ಯಾವುದೇ ಜಾಗ, ಮಾಲೀಕ ಯಾರೇ ಆಗಿರಲಿ, ಮರ ಯಾವುದೇ ಇರಲಿ. ನೆರಳು ಶೇ 40 ದಾಟಿದರೆ ಮಧ್ಯಮ ದಟ್ಟ, ಶೇ 70 ದಾಟಿದರೆ ಅತಿ ದಟ್ಟ.

ಇದರ ಅರ್ಥ ಏನು ಅಂತ ನಿಧಾನಕ್ಕೆ ಓದಿ. ಮಲೆನಾಡಿನ ಕಾಫಿ ತೋಟ ನೆರಳಿನ ತೋಟ. ಮೇಲಿನಿಂದ ನೋಡಿದರೆ ಕಾಡೇ. ನನ್ನ ತೋಟದ ಅತ್ತಿ, ಬಸರಿ, ಹಲಸು, ಪಕ್ಕದವರ ಸಿಲ್ವರ್ ಓಕ್, ಆ ಹಳ್ಳದ ಖರಾಬು, ಎಲ್ಲ ಸೇರಿ ದೆಹಲಿಯ ಲೆಕ್ಕದಲ್ಲಿ ಕರ್ನಾಟಕದ ಕಾಡಾಗಿ, ಆ ಕಾಡಿನ ಹೆಸರಿನಲ್ಲಿ ಬೆಂಗಳೂರಿಗೆ ದುಡ್ಡು ಬರುತ್ತದೆ. ಅಲ್ಲಿಂದ ಕೆಳಗೆ ಬರುವುದಿಲ್ಲ. ನಮ್ಮ ಪಂಚಾಯ್ತಿಗೆ ಕಾಡು ಇದೆ ಅನ್ನುವ ಕಾರಣಕ್ಕೆ ಒಂದು ರೂಪಾಯಿ ಜಾಸ್ತಿ ಬರುತ್ತಾ? ಇಲ್ಲ. ಕಾಡು ಇರುವುದರಿಂದ ಪಂಚಾಯ್ತಿಗೆ ನಷ್ಟವೇ, ಕಟ್ಟಡ ಬಂದರೆ ತಾನೇ ತೆರಿಗೆ? ಪಿಡಿಒ, ಸದಸ್ಯರು ರೆಸಾರ್ಟ್ ಬರಲಿ ಅಂತ ಬಯಸಿದರೆ ಅದರಲ್ಲಿ ಆಶ್ಚರ್ಯ ಏನಿದೆ, ಬೀದಿ ದೀಪದ ಬಿಲ್ಲು ಕಟ್ಟಬೇಕಲ್ಲ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ಅಮೆರಿಕದಿಂದ ತರಬೇಕಾದದ್ದು ಆಸ್ತಿ ತೆರಿಗೆ ಕಡಿತ ಅಲ್ಲ, ಅದು ಇಲ್ಲಿ ದೋಸೆ ಲೆಕ್ಕ. ತರಬೇಕಾದದ್ದು ನ್ಯೂಯಾರ್ಕ್‌ನವರ ಆ ಜಾಣತನ. ಮೇಲಿನವರ ಖಜಾನೆಯಿಂದ, ಕರಾರಿನ ಮೇಲೆ, ಎಕರೆ ಲೆಕ್ಕದಲ್ಲಿ ನೇರ ದುಡ್ಡು, ಮಾಲೀಕನಿಗೆ ಒಂದು ಪಾಲು, ಪಂಚಾಯ್ತಿಗೆ ಒಂದು ಪಾಲು. ರಿಯಾಯಿತಿ ಅನ್ನುವ ಹೆಸರೇ ಬೇಡ.

ಇದಕ್ಕೆ ಕಾನೂನಿನ ಮನೆ ಪೂರ್ತಿ ಖಾಲಿಯೂ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಆದಾಗ ಎರಡು ಹೊಸ ಬಗೆಯ ಜಾಗ ಬಂದವು. ಸರ್ಕಾರಿ ಜಾಗಕ್ಕೆ ಸಂರಕ್ಷಣಾ ಮೀಸಲು. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ಹಾಗೆ ಘೋಷಿಸಿದ್ದು, ಅಲ್ಲಿ ಕೃಷ್ಣಮೃಗಗಳಿವೆ. ಇನ್ನೊಂದು ಸಮುದಾಯ ಮೀಸಲು. ಖಾಸಗಿಯವರು ಅಥವಾ ಊರಿನವರು ತಾವಾಗಿ ಮುಂದೆ ಬಂದು ಜಾಗ ಉಳಿಸುತ್ತೇವೆ ಅಂದರೆ ಅದಕ್ಕೆ. ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು 2007ರಲ್ಲಿ ಆದದ್ದು ಹಾಗೆ. ಆದರೆ 36ಸಿ ಸೆಕ್ಷನ್ ಓದಿ ನೋಡಿದರೆ, ಒಂದು ಸಲ ಘೋಷಣೆ ಆದಮೇಲೆ ಸಮಿತಿಯ ನಿರ್ಣಯ, ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆ ಬದಲಿಸುವ ಹಾಗಿಲ್ಲ. ಅಲ್ಲಿಗೆ ಮುಗಿಯಿತು. ಕೊಟ್ಟವನಿಗೆ ಏನು ಸಿಗುತ್ತದೆ ಅನ್ನುವ ಸಾಲು ಆ ಸೆಕ್ಷನ್‌ನಲ್ಲಿ ಇಲ್ಲ. ನನ್ನ ಒಂದೂಮುಕ್ಕಾಲು ಎಕರೆಯನ್ನು ಅದಕ್ಕೆ ಕೊಡುತ್ತೀಯಾ ಅಂತ ಕೇಳಿದರೆ, ಕೊಡಲ್ಲ ಅಂತಲೇ ಹೇಳುತ್ತೇನೆ. ಕಡಿಯುವ ಉದ್ದೇಶ ಇಲ್ಲದಿದ್ದರೂ ಕೊಡಲ್ಲ. ಮಕ್ಕಳಿಗೆ ನಾಳೆ ಏನು ಕಷ್ಟವೋ ಯಾರಿಗೆ ಗೊತ್ತು, ಶಾಶ್ವತ ಅನ್ನುವ ಮಾತಿಗೇ ಇಲ್ಲಿ ಜನ ಹೆದರುತ್ತಾರೆ. ಅದಕ್ಕೆ ವಿಲಿಯಮ್ಸನ್ ಕಾಯ್ದೆಯ ಹತ್ತು ವರ್ಷದ ಕರಾರು ನಮ್ಮ ಊರಿಗೆ ಜಾಸ್ತಿ ಹೊಂದುತ್ತದೆ ಅನ್ನಿಸುತ್ತದೆ. ಉಳಿಸಿದಷ್ಟು ವರ್ಷ ದುಡ್ಡು, ಹೊರಗೆ ಹೋಗಬೇಕಾದರೆ ನೋಟಿಸ್ ಕೊಟ್ಟು ಕಾಯಬೇಕು.

ಮಧ್ಯದಲ್ಲೇ ಕಡಿದರೆ? ನ್ಯೂಹ್ಯಾಂಪ್‌ಷೈರ್ ರಾಜ್ಯದಲ್ಲಿ ತೆರಿಗೆ ಕಡಿಮೆ ಮಾಡಿಸಿಕೊಂಡ ಜಮೀನಿನಲ್ಲಿ ಕಟ್ಟಡ ಕಟ್ಟಿದರೆ ಆಗಿನ ಮಾರುಕಟ್ಟೆ ಬೆಲೆಯ ಶೇ 10 ಒಂದೇ ಏಟಿಗೆ ಕಕ್ಕಬೇಕು. ಎಷ್ಟೋ ಊರುಗಳು ಆ ದುಡ್ಡನ್ನು ಬೇರೆ ಕಾಡು ಉಳಿಸುವ ನಿಧಿಗೆ ಹಾಕುತ್ತವೆ. ಅಲ್ಲೇ ಇನ್ನೊಂದು ಇದೆ, ಜಮೀನನ್ನು ವರ್ಷವಿಡೀ ಸಾರ್ವಜನಿಕರ ಓಡಾಟಕ್ಕೆ ತೆರೆದಿಟ್ಟರೆ ಇನ್ನೂ ಶೇ 20 ಕಡಿತ. ಅದು ಮಾತ್ರ ನಮಗೆ ಬೇಡಪ್ಪ. ವಾರದ ಕೊನೆಯಲ್ಲಿ ಮುಳ್ಳಯ್ಯನಗಿರಿ ರಸ್ತೆ ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ತೊಡಕುಗಳಿವೆ, ಸಣ್ಣವಲ್ಲ. ಮೊದಲನೆಯದು, ದೊಡ್ಡವರಿಗೇ ಲಾಭ ಆಗುವುದು. ಕೆಲವು ವರ್ಷದ ಹಿಂದೆ ಸರ್ಕಾರ ಖಾಸಗಿ ವನ್ಯಜೀವಿ ತಾಣಕ್ಕೆ ಒಂದು ಕರಡು ನಿಯಮ ಮಾಡಿತ್ತು, ಕಾಡಂಚಿನಲ್ಲಿ ಕನಿಷ್ಠ 100 ಎಕರೆ ಇರುವವರಿಗೆ. ಸ್ವಲ್ಪ ಭಾಗದಲ್ಲಿ ಪ್ರವಾಸಿಗರಿಗೆ ಕಟ್ಟಡಕ್ಕೂ ಅವಕಾಶ ಇತ್ತು. ರೆಸಾರ್ಟ್‌ಗೆ ಹಿಂಬಾಗಿಲು ಅಂತ ಎಲ್ಲರೂ ವಿರೋಧಿಸಿದರು, ಅದು ಅಲ್ಲಿಗೇ ಬಿತ್ತು. ಬಿದ್ದದ್ದು ಸರಿಯೇ. ನೂರು ಎಕರೆ ಇರುವವನು ನಮ್ಮೂರಿನಲ್ಲಿ ಎಷ್ಟು ಜನ? ಹಳ್ಳದ ಪಕ್ಕ ಎರಡು ಎಕರೆ, ಬನದ ಸುತ್ತ ಹತ್ತು ಗುಂಟೆ, ಹೀಗೆ ಚೂರು ಚೂರಾಗಿ ಉಳಿಸಿರುವವರೇ ಜಾಸ್ತಿ. ಕೆಳಗಿನ ಮಿತಿ ಗುಂಟೆಯಲ್ಲಿ ಇರಬೇಕು, ಮೇಲಿನ ಮಿತಿ ಬಿಗಿಯಾಗಿರಬೇಕು. ಹಳ್ಳದುದ್ದಕ್ಕೂ ನಾಲ್ಕು ಜನ ಸೇರಿ ಕೊಟ್ಟರೆ ಜಾಸ್ತಿ ಸಿಗಬೇಕು, ಯಾಕೆಂದರೆ ನೀರಿಗೆ ಸರ್ವೆ ನಂಬರ್ ಇಲ್ಲ.

ಎರಡನೆಯದು ಆನೆ. ಸಕಲೇಶಪುರ, ಆಲೂರು, ಬೇಲೂರಿನವರು ಇದನ್ನು ಓದಿದರೆ ಮೊದಲು ಕೇಳುವುದೇ ಇದನ್ನು. ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಮೇಲೆ, 2014ರಲ್ಲಿ ಆ ಕಡೆ 20ಕ್ಕೂ ಹೆಚ್ಚು ಆನೆ ಹಿಡಿದು ಸಾಗಿಸಿದರು. ಆಮೇಲೂ ಆನೆ ಬಂದವು. 2023ರ ಡಿಸೆಂಬರ್‌ನಲ್ಲಿ ದಸರಾ ಆನೆ ಅರ್ಜುನ ಸತ್ತದ್ದೂ ಯಸಳೂರಿನ ಹತ್ತಿರ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲೇ. ಅಂಥ ಊರಿನಲ್ಲಿ ನಾನು ಕಾಡಿನ ತುಂಡು ಉಳಿಸಿ ದುಡ್ಡು ತಗೊಂಡೆ, ಆನೆ ಹಗಲು ಅಲ್ಲಿ ನಿಂತು ರಾತ್ರಿ ಪಕ್ಕದವನ ಗದ್ದೆ ತುಳಿಯಿತು ಅಂದರೆ? ಅವನು ಕೋಲು ಹಿಡಿದು ಬರುವುದು ನನ್ನ ಮನೆಗೆ. ಬರೀ ಮಾಲೀಕನಿಗೆ ದುಡ್ಡು ಕೊಡುವ ಯೋಜನೆ ಅಲ್ಲಿ ಒಂದು ವರ್ಷವೂ ನಿಲ್ಲುವುದಿಲ್ಲ. ಪಂಚಾಯ್ತಿಯ ಪಾಲು ಅಂದೆನಲ್ಲ, ಅದು ಇದಕ್ಕೇ ಮೊದಲು ಹೋಗಬೇಕು, ಬೆಳೆ ಪರಿಹಾರ ಬರುವವರೆಗೆ ಕಾಯುವವನ ಕೈಗೆ.

ಇನ್ನು ಪಟ್ಟೆ ಜಾಗ ಯಾವುದು, ಒತ್ತುವರಿ ಯಾವುದು, ಸೊಪ್ಪಿನ ಬೆಟ್ಟ ಯಾವುದು, ಕಾನು ಯಾವುದು ಅನ್ನುವ ಹಳೇ ರಗಳೆ. ಅದು ಬಗೆಹರಿಯಲಿ ಅಂತ ಕಾದರೆ ನನ್ನ ಮೊಮ್ಮಕ್ಕಳಿಗೂ ಏನೂ ಆಗುವುದಿಲ್ಲ. ಪೋಡಿ ಆದ, ಅಂದರೆ ಅಳತೆಯಾಗಿ ಗಡಿ ಬೇರೆಯಾದ, ಗಲಾಟೆ ಇಲ್ಲದ ಹಿಡುವಳಿಯಿಂದಲೇ ಶುರು ಮಾಡಲಿ.

ಇದೆಲ್ಲ ನಮ್ಮೂರಿನ ಹಿತಕ್ಕೆ ಮಾತ್ರ ಅಂತ ಅಂದುಕೊಳ್ಳಬೇಡಿ. ಹೇಮಾವತಿ ಹುಟ್ಟುವುದು ನಮ್ಮ ತಾಲ್ಲೂಕಿನ ಜಾವಳಿಯಲ್ಲಿ. ಗೊರೂರಿನಲ್ಲಿ ನಿಂತು ಅಲ್ಲಿಂದ ನಾಲೆಯಲ್ಲಿ ತುಮಕೂರಿನವರೆಗೆ ಹೋಗುತ್ತದೆ. ತುಮಕೂರು, ಹಾಸನ ಹೇಮಾವತಿ ನೀರಿನ ಪಾಲಿಗೆ ಎಷ್ಟು ಜಗಳ ಆಡಿವೆ ಅಂತ ಎಲ್ಲರಿಗೂ ಗೊತ್ತು. ಆ ಜಗಳದಲ್ಲಿ ಒಬ್ಬರೂ ಮೇಲೆ ಹಳ್ಳ ಕಾಯುವವನು ಯಾರು ಅಂತ ಕೇಳಿದ್ದು ನನಗೆ ನೆನಪಿಲ್ಲ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಇಳಿದು ಮನೆ, ತೋಟ ಹೋದಾಗ ಎರಡು ವಾರ ಎಲ್ಲರೂ ಬಂದು ನೋಡಿ ಹೋದರು.

ಮೊದಲ ಹೆಜ್ಜೆಗೆ ದುಡ್ಡೂ ಬೇಕಾಗಿಲ್ಲ. ಪಹಣಿ ಈಗ ಕಂಪ್ಯೂಟರಿನಲ್ಲೇ ಇದೆ. 'ಅ' ಖರಾಬಿನೊಳಗೆ ಬಂಡೆ ಎಷ್ಟು, ಕಣ ಎಷ್ಟು, ಮರ ನಿಂತ ಜಾಗ ಎಷ್ಟು ಅಂತ ಬೇರೆ ಬರೆಯಲು ಒಂದು ಕಾಲಂ ಸೇರಿಸಿದರೆ ಸಾಕು, ರೈತ ತಾನೇ ಅರ್ಜಿ ಕೊಟ್ಟಾಗ ಮಾತ್ರ, ಮತ್ತೆ ಹಾಗೆ ಬರೆಸಿದ ಕಾರಣಕ್ಕೆ ಅದನ್ನು ಅರಣ್ಯ ಅಂತ ಹಿಡಿಯುವುದಿಲ್ಲ ಅನ್ನುವ ಲಿಖಿತ ಭರವಸೆಯ ಜೊತೆಗೆ. ಆ ಕೊನೆಯ ಸಾಲು ಇಲ್ಲದಿದ್ದರೆ ಒಬ್ಬನೂ ಅರ್ಜಿ ಹಾಕುವುದಿಲ್ಲ, ನಾನೂ ಹಾಕುವುದಿಲ್ಲ.

ಅಕ್ಕನ ಮಗಳಿಗೆ ಮೊನ್ನೆ ಪಹಣಿಯ ಫೋಟೋ ಕಳಿಸಿದೆ. ಅವಳಿಗೆ ಕನ್ನಡ ಓದಲು ಬರುತ್ತದೆ, ಪಹಣಿಯ ಭಾಷೆ ಬರುವುದಿಲ್ಲ, ಅದು ಇಲ್ಲೇ ಇರುವ ಎಷ್ಟೋ ಜನಕ್ಕೂ ಬರುವುದಿಲ್ಲ.

"ಮಾವ, ಇದರಲ್ಲಿ ಕಾಡು ಎಲ್ಲಿದೆ?"

ಮೂರನೇ ಕಾಲಂನಲ್ಲಿ, ಒಟ್ಟು ವಿಸ್ತೀರ್ಣದ ಕೆಳಗೆ, ಕಳೆದಿದ್ದಾರಲ್ಲ, ಅದೇ ಅಂತ ಬರೆದು ಕಳಿಸಿದೆ.